ಸಾಂಗ್ಲಿಯ ದೂರು, ಜಮಖಂಡಿಯ ನೀರು: 2019ರ ಕೃಷ್ಣಾ ನೆರೆಯ ಪ್ರಕರಣ ಅಧ್ಯಯನ

ಜುಲೈ ಹಿಡಿಯಿತೆಂದರೆ ಕೃಷ್ಣೆಯ ಮೇಲಿನ ದಂಡೆಯಲ್ಲಿ ಒಂದೇ ದೂರು: ಆಲಮಟ್ಟಿಯಲ್ಲಿ ನೀರು ಹಿಡಿದಿಟ್ಟದ್ದಕ್ಕೇ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ. ಕೆಳಗಿನ ದಂಡೆಯದೂ ಒಂದೇ ಉತ್ತರ: ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ಹೇಳದೆ ಕೇಳದೆ ನೀರು ಬಿಟ್ಟದ್ದಕ್ಕೇ ಚಿಕ್ಕೋಡಿ, ಅಥಣಿ ಮುಳುಗುತ್ತವೆ. ನೆರೆಯ ಮಾದರಿ ಕಟ್ಟುವುದು, ಅಂದರೆ ನದಿಯನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡುವುದು, ನನ್ನ ದಿನನಿತ್ಯದ ಕೆಲಸ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಇದನ್ನೇ: "ಖರೇ ಹೇಳ್ರಿ, ತಪ್ಪು ಯಾರದು?" 2019ರ ನೆರೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಗೆ ಲೆಕ್ಕ ಎಲ್ಲಿಯವರೆಗೆ ಉತ್ತರ ಕೊಡುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಗಿದ್ದೇನು ಎಂಬುದು. 2019ರ ಜುಲೈ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆ ಕೃಷ್ಣಾ, ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ನದಿಗಳನ್ನೆಲ್ಲ ಒಟ್ಟಿಗೇ ಎಬ್ಬಿಸಿತು. ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏರಿದ್ದರೆ ನದಿ ತಡೆದುಕೊಳ್ಳುತ್ತಿತ್ತೇನೋ. ಈ ಸಲ ಎಲ್ಲವೂ ಜೊತೆಗೂಡಿ ಬಂದವು. 105 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಕೊಯ್ನಾ, 34 ಟಿಎಂಸಿಯ ವಾರಣಾ, ಎರಡರಲ್ಲೂ ಗೇಟು ಎತ್ತಬೇಕಾಯಿತು. ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ; ನೀರು 57 ಅಡಿ ದಾಟಿ 2005ರ ದಾಖಲೆಯನ್ನು ಮುರಿಯಿತು. ಕೊಲ್ಹಾಪುರದ ರಾಜಾರಾಂ ಬಂಧಾರದಲ್ಲಿ 43 ಅಡಿ ಅಪಾಯದ ಮಟ್ಟವಾದರೆ ಅಲ್ಲಿ ಏರಿದ್ದು 55 ಅಡಿಗೂ ಮೇಲೆ. ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್. ಇತ್ತ ಘಟಪ್ರಭೆ ಗೋಕಾಕದ ಪೇಟೆಗೆ ನುಗ್ಗಿತು, ಮಲಪ್ರಭೆ ರಾಮದುರ್ಗ ದಾಟಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂತು. ಆಲಮಟ್ಟಿಯಿಂದ ಕೆಳಗೆ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ 5 ಲಕ್ಷ ಘನ ಅಡಿ, ಮೀರಿತು. ಬೆಂಗಳೂರಿನಲ್ಲಿ ಆಗ ಸಚಿವ ಸಂಪುಟವೇ ಇರಲಿಲ್ಲ. ಜುಲೈ 26ಕ್ಕೆ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರೊಬ್ಬರೇ ಊರೂರು ಸುತ್ತುತ್ತಿದ್ದರು, ಸಚಿವರು ಬಂದದ್ದು ಆಗಸ್ಟ್ 20ಕ್ಕೆ. ನಷ್ಟದ ಅಂದಾಜು ಸುಮಾರು 35,000 ಕೋಟಿ ರೂಪಾಯಿ ಎಂದು ರಾಜ್ಯ ಕೇಂದ್ರಕ್ಕೆ ಹೇಳಿತು.

ಖಾಲಿ ಜಾಗದ ಲೆಕ್ಕ

ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಆಗ ಅದರಲ್ಲಿರುವ ನೀರು 123 ಟಿಎಂಸಿ. ಮಳೆಗಾಲದ ಮಧ್ಯದಲ್ಲಿ ಅದನ್ನು 517 ಮೀಟರ್ ಆಸುಪಾಸಿನಲ್ಲೇ ಇಡಿ, ಮೇಲಿನ ಜಾಗ ಖಾಲಿ ಇರಲಿ ಎಂಬುದು ಸಾಂಗ್ಲಿಯವರ ಬೇಡಿಕೆ. ಖಾಲಿ ಜಾಗ ಇದ್ದರೆ ನೆರೆಯನ್ನು ನುಂಗಿಕೊಳ್ಳುತ್ತದಲ್ಲ ಎಂಬುದು ಅದರ ಹಿಂದಿನ ತರ್ಕ.

ಇದಕ್ಕೆ ಕಂಪ್ಯೂಟರ್ ಬೇಡ. 1 ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. 4 ಲಕ್ಷ ಹರಿದರೆ ದಿನಕ್ಕೆ ಸುಮಾರು 35 ಟಿಎಂಸಿ. 517ರಿಂದ 519.60ರ ನಡುವೆ ಆಲಮಟ್ಟಿಯಲ್ಲಿ ಹಿಡಿಯುವುದೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ತಿಂಗಳುಗಟ್ಟಲೆ ಕಾಯ್ದಿಟ್ಟ ಖಾಲಿ ಜಾಗ ಒಂದೇ ದಿನದಲ್ಲಿ ತುಂಬಿಹೋಗುತ್ತದೆ. ಇಡೀ ಜಲಾಶಯವನ್ನೇ ಬರಿದು ಮಾಡಿಟ್ಟರೂ 5 ಲಕ್ಷ ಕ್ಯೂಸೆಕ್ ಬಂದರೆ ಮೂರು ದಿನ ತಾಳುವುದಿಲ್ಲ. 2019ರ ನೆರೆ ಒಂದೆರಡು ದಿನದ್ದಾಗಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅಣೆಕಟ್ಟೆಯ ಖಾಲಿ ಜಾಗ ಕಾಯುವುದು ಕೆಳಗಿನವರನ್ನು. ಆಲಮಟ್ಟಿ ಒಂದು ದಿನದ ನೀರು ತಡೆದರೆ ಅದರ ಲಾಭ ಯಾದಗಿರಿ, ರಾಯಚೂರಿನ ಕಡೆಯವರಿಗೆ. ಸಾಂಗ್ಲಿಯನ್ನು ಕಾಯಬೇಕಾದರೆ ಖಾಲಿ ಜಾಗ ಇರಬೇಕಾದದ್ದು ಕೊಯ್ನಾದಲ್ಲಿ, ವಾರಣಾದಲ್ಲಿ. ಕೊಯ್ನಾದವರಿಗೆ ಅದರಿಂದ ವಿದ್ಯುತ್ ಆಗಬೇಕು, ಬೇಸಿಗೆಗೆ ನೀರು ಉಳಿಯಬೇಕು. ಆಗಸ್ಟಿನಲ್ಲಿ ಬರಿದಾಗಿಟ್ಟು ಸೆಪ್ಟೆಂಬರಿನಲ್ಲಿ ಮಳೆ ಕೈಕೊಟ್ಟರೆ ಉತ್ತರ ಕೊಡಬೇಕಾದವರೂ ಅವರೇ. ಗೇಟಿನ ಹತ್ತಿರ ಕೂತ ಎಂಜಿನಿಯರನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಜಲಾಶಯ ತುಂಬಿದ ಮೇಲೆ ಬಂದದ್ದನ್ನು ಬಂದ ಹಾಗೆ ಬಿಡುವುದನ್ನು ನಿರ್ವಹಣೆ ಎನ್ನಲು ನನಗೆ ಮನಸ್ಸಿಲ್ಲ.

ಹಿನ್ನೀರು ಎಲ್ಲಿಯವರೆಗೆ?

ಸಾಂಗ್ಲಿಯವರ ದೂರಿನಲ್ಲಿ ಗಟ್ಟಿ ಭಾಗ ಬೇರೆಯೇ ಇದೆ. ಖಾಲಿ ಜಾಗದ ಮಾತು ಬಿಡಿ, ಕೆಳಗೆ ನೀರಿನ ಮಟ್ಟ ಎತ್ತರದಲ್ಲಿ ನಿಂತಿದ್ದರೆ ಮೇಲಿನಿಂದ ಬರುವ ನೀರು ಸರಾಗವಾಗಿ ಇಳಿಯುವುದಿಲ್ಲ, ಹಿಂದಕ್ಕೆ ಒತ್ತುತ್ತದೆ. ಇದು ನಿಜ.

ನಮ್ಮ ಕಡೆಯವರು ಇದಕ್ಕೆ ಕೊಡುವ ಉತ್ತರ ಹಿಪ್ಪರಗಿ. ಆಲಮಟ್ಟಿಗೂ ಸಾಂಗ್ಲಿಗೂ ನಡುವೆ ಹಿಪ್ಪರಗಿ ಬ್ಯಾರೇಜು ಇದೆ, ಅದರ ಪೂರ್ಣ ಮಟ್ಟ 524.87 ಮೀಟರ್. ಆಲಮಟ್ಟಿಯ 519.60ರ ನೀರು ಅದನ್ನೇ ಹತ್ತಲಾರದು, ಇನ್ನು 540 ಮೀಟರಿಗೂ ಮೇಲೆ ಕೂತಿರುವ ಸಾಂಗ್ಲಿಯನ್ನು ಹೇಗೆ ಮುಳುಗಿಸೀತು? ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುವುದನ್ನು ನೋಡಿದ್ದೇನೆ. ಆದರೆ ಇದು ಅರ್ಧ ಸತ್ಯ. ಇದು ನಿಂತ ನೀರಿನ ಲೆಕ್ಕ, ಬಾವಿಯೊಳಗಿನ ನೀರಿನ ಲೆಕ್ಕ. ನೆರೆಯ ನೀರು ಹರಿಯುವ ನೀರು, ಅದರ ಮೇಲ್ಮೈ ಸಮತಟ್ಟಾಗಿರುವುದಿಲ್ಲ.

ಸಾಂಗ್ಲಿಯಿಂದ ಆಲಮಟ್ಟಿಗೆ ನದಿಯ ದಾರಿ ಹಿಡಿದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಇಷ್ಟು ದೂರದಲ್ಲಿ ನೀರಿನ ಮೇಲ್ಮೈ ಇಳಿಯುವುದು ಇಪ್ಪತ್ತು ಮೀಟರ್ ಚಿಲ್ಲರೆ. ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್, ಅಂದರೆ ಒಂದು ಗೇಣೂ ಇಲ್ಲ. ನದಿ ಎಷ್ಟು ಚಪ್ಪಟೆಯೋ ಹಿನ್ನೀರಿನ ಒತ್ತಡ ಅಷ್ಟು ದೂರ ಹಿಂದಕ್ಕೆ ಸಾಗುತ್ತದೆ. ಹೋದಂತೆ ಕರಗುತ್ತದೆ ಕೂಡ. ಎಷ್ಟು ಬೇಗ ಕರಗುತ್ತದೆ ಎಂಬುದೇ ಇಡೀ ಜಗಳದ ತಿರುಳು.

ಇದಕ್ಕೊಂದು ಕೈಲೆಕ್ಕ ಇದೆ. ನೆರೆಯಲ್ಲಿ ನದಿಯ ಆಳ 15 ಮೀಟರ್, ಇಳುಕಲು ಹತ್ತು ಸಾವಿರಕ್ಕೆ ಒಂದು, ಪಾತ್ರ ಅಗಲ, ಹರಿವು ಸ್ಥಿರ ಎಂದು ಇಟ್ಟುಕೊಂಡರೆ, ಕೆಳಗೆ ಮಟ್ಟ ಏರಿಸಿದ್ದರ ಪರಿಣಾಮ ಸುಮಾರು 50 ಕಿಲೋಮೀಟರಿಗೊಮ್ಮೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. ಅಣೆಕಟ್ಟೆಯಲ್ಲಿ 517ರ ಬದಲು 519.60 ಇದ್ದರೆ ವ್ಯತ್ಯಾಸ 2.6 ಮೀಟರ್. 50 ಕಿಲೋಮೀಟರ್ ಮೇಲೆ ಅದು ಸುಮಾರು 95 ಸೆಂಟಿಮೀಟರ್. 100ಕ್ಕೆ 35. 150ಕ್ಕೆ 13. 200 ಕಿಲೋಮೀಟರ್ ಮೇಲೆ 5 ಸೆಂಟಿಮೀಟರ್. ಬಹಳ ಒರಟು ಲೆಕ್ಕ ಇದು. ನಿಜವಾದ ನದಿಯಲ್ಲಿ ಬ್ಯಾರೇಜು, ಸೇತುವೆ, ತಿರುವು, ಬಯಲು ಎಲ್ಲ ಇವೆ. ಆದರೆ ಅದರ ಅಂದಾಜು ನನಗೆ ಸಾಕು. ಆಯರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟಕ್ಕಿಂತ 12 ಅಡಿ ಮೇಲೆ ಬಂದ ನೀರಿನಲ್ಲಿ ಐದು ಸೆಂಟಿಮೀಟರಿನ ಪಾಲು ಯಾವ ಲೆಕ್ಕ?

ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರಲ್ಲಿ ಕೊಟ್ಟ ವರದಿಯೂ ಇದೇ ಕಡೆಗೆ ಬೆರಳು ಮಾಡಿತು: ಸಾಂಗ್ಲಿ, ಕೊಲ್ಹಾಪುರದ ನೆರೆಗೆ ಆಲಮಟ್ಟಿ ಕಾರಣವಲ್ಲ. ವಿಪರೀತ ಮಳೆ, ನದಿಪಾತ್ರದ ಒತ್ತುವರಿ ಕಾರಣಗಳು ಎಂದಿತು. ಆ ವರದಿ ಬಂದಾಗ ನಮ್ಮ ಕಡೆ ಗೆದ್ದಷ್ಟು ಸಂಭ್ರಮ.

ನನಗೆ ಸಂಭ್ರಮವಾಗಲಿಲ್ಲ. ಮೇಲಿನ ಕೈಲೆಕ್ಕವನ್ನು ಇನ್ನೊಮ್ಮೆ ಓದಿ, ಈ ಸಲ ಅಣೆಕಟ್ಟೆಗೆ ಹತ್ತಿರದ ಊರುಗಳ ಕಡೆಯಿಂದ. 50 ಕಿಲೋಮೀಟರಿಗೆ 95 ಸೆಂಟಿಮೀಟರ್, 100ಕ್ಕೆ 35. ಆ ದೂರದಲ್ಲಿರುವುದು ಸಾಂಗ್ಲಿ ಅಲ್ಲ. ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ದಂಡೆಯ ಹಳ್ಳಿಗಳು. ಇನ್ನೂ ಮೇಲೆ ಅಥಣಿ, ರಾಯಬಾಗ. ದೂರು ಕೊಡುತ್ತಿರುವವರು ಮರಾಠಿಯಲ್ಲಿ ಕೊಡುತ್ತಿದ್ದಾರೆ, ಹಿನ್ನೀರು ನಿಲ್ಲುವುದು ಕನ್ನಡದ ಹೊಲದಲ್ಲಿ. ನೆರೆರಾಜ್ಯದ ದೂರಿಗೆ ಉತ್ತರ ಕೊಡುವ ಭರದಲ್ಲಿ ನಮ್ಮವರ ದೂರನ್ನು ನಾವೇ ಕೇಳಿಸಿಕೊಳ್ಳಲಿಲ್ಲ ಎಂಬುದು ಈ ಪ್ರಕರಣದಲ್ಲಿ ನನಗೆ ಕಂಡದ್ದು.

ಗೋಡೆಯ ಮೇಲಿನ ಎರಡು ಗೆರೆ

ಕೈಲೆಕ್ಕ ಬಿಟ್ಟು ಸರಿಯಾದ ಮಾದರಿ ಕಟ್ಟಬೇಕೆಂದರೆ ಏನು ಬೇಕು? ನದಿಯ ಹರಿವಿನ ಸೂತ್ರಗಳು 1871ರಿಂದಲೇ ಇವೆ, ಫ್ರಾನ್ಸಿನ ಸೇಂಟ್ ವೆನಾಂಟ್ ಬರೆದಿಟ್ಟದ್ದು. ಅವನ್ನು ಬಿಡಿಸುವ ಹೆಕ್-ರಾಸ್ ತಂತ್ರಾಂಶ ಅಮೆರಿಕದ ಸೇನಾ ಎಂಜಿನಿಯರುಗಳದು, ಪುಕ್ಕಟೆ ಸಿಗುತ್ತದೆ. ಬೇಕಾದದ್ದು ನದಿಯ ಅಡ್ಡಕೊಯ್ತ: ಈ ದಂಡೆಯಿಂದ ಆ ದಂಡೆಯವರೆಗೆ ತಳ ಹೇಗಿದೆ ಎಂಬ ನಕ್ಷೆ, ಕಿಲೋಮೀಟರಿಗೊಂದಾದರೂ.

ಅದು ಸುಲಭಕ್ಕೆ ಕೈಗೆ ಬರುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸವೆಂದರೆ ಉಪಗ್ರಹದ, ನೌಕೆಯ ಎತ್ತರದ ನಕ್ಷೆ ಇಳಿಸಿಕೊಳ್ಳುವುದು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ನಕ್ಷೆ ಈಗಲೂ ಚಾಲ್ತಿಯಲ್ಲಿದೆ. ಅದರಲ್ಲಿ ಕೆಲವು ಮೀಟರ್ ತಪ್ಪು ಮಾಮೂಲು. ಮಲೆನಾಡಿನ ಕಣಿವೆಯಲ್ಲಿ ನಾಲ್ಕು ಮೀಟರ್ ತಪ್ಪಾದರೆ ಸಹಿಸಬಹುದು. ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಯುವ ಕೃಷ್ಣೆಯಲ್ಲಿ ನಾಲ್ಕು ಮೀಟರ್ ಎಂದರೆ ನಲವತ್ತು ಕಿಲೋಮೀಟರ್ ನದಿ! ಮೇಲಾಗಿ ರಾಡಾರಿಗೆ ಕಾಣುವುದು ನೀರಿನ ಮೇಲ್ಮೈ, ತಳವಲ್ಲ. ಕಬ್ಬಿನ ಗರಿ, ನೆಲವಲ್ಲ.

ಕಬ್ಬಿನದೇ ಒಂದು ಕತೆ. ಈ ದಂಡೆಯ ಬಯಲೆಲ್ಲ ಕಬ್ಬು. ಆಗಸ್ಟಿನಲ್ಲಿ ಅದು ಆಳೆತ್ತರ ದಾಟಿರುತ್ತದೆ. ನೀರು ಹರಿಯಲು ಎಷ್ಟು ಅಡ್ಡಿ ಎಂಬುದಕ್ಕೆ ನಾವು ಬಳಸುವ ಮ್ಯಾನಿಂಗ್ ಸಂಖ್ಯೆ ಚೊಕ್ಕಟ ಪಾತ್ರದಲ್ಲಿ 0.03 ಇದ್ದರೆ ದಟ್ಟ ಬೆಳೆಯಲ್ಲಿ 0.1ರ ಹತ್ತಿರ ಹೋಗುತ್ತದೆ. ಉಳಿದದ್ದೆಲ್ಲ ಒಂದೇ ಆಗಿದ್ದರೆ ನೀರಿನ ವೇಗ ಮೂರನೇ ಒಂದಕ್ಕೆ ಇಳಿಯಿತು ಎಂದೇ ಅರ್ಥ. ನಿಧಾನವಾದ ನೀರು ಎತ್ತರವಾಗುತ್ತದೆ. ಮೋಡ ಸೀಳಿ ನೋಡುವ ಸೆಂಟಿನೆಲ್-1 ಉಪಗ್ರಹಕ್ಕೂ ಕಬ್ಬಿನ ಬುಡದಲ್ಲಿ ನಿಂತ ನೀರನ್ನು ಗುರುತಿಸುವುದು ಕಷ್ಟ. ಅದರ ನಕ್ಷೆಯಲ್ಲಿ ಒಣಗಿದಂತೆ ಕಾಣುವ ಜಾಗದಲ್ಲಿ ಎದೆಮಟ್ಟ ನೀರಿದ್ದಿರಬಹುದು. ಹಳ್ಳಿಯವರು ಈ ನಕ್ಷೆ ನೋಡಿ ನಕ್ಕರೆ ತಪ್ಪಿಲ್ಲ.

ಇನ್ನೊಂದು ಗುಟ್ಟನ್ನು ಹೊರಗಿನವರಿಗೆ ಹೇಳಬೇಕು. ನದಿಯ ತಳವನ್ನು ತಪ್ಪಾಗಿ ಹಾಕಿ, ಮ್ಯಾನಿಂಗ್ ಸಂಖ್ಯೆಯನ್ನೂ ಅದಕ್ಕೆ ತಕ್ಕಂತೆ ತಪ್ಪಾಗಿ ತಿರುಗಿಸಿದರೆ, ಎರಡು ತಪ್ಪು ಸೇರಿ ಅಳತೆ ಕಟ್ಟೆಯಲ್ಲಿ (ನದಿಯ ಮಟ್ಟ ಅಳೆಯುವ ಜಾಗ) ದಾಖಲಾದ ಮಟ್ಟಕ್ಕೆ ಚೆನ್ನಾಗಿ ಹೊಂದುವ ಉತ್ತರ ಬರುತ್ತದೆ. ವರದಿಯಲ್ಲಿ ಅಳೆದ ಮಟ್ಟದ್ದು, ಮಾದರಿಯದು, ಹೀಗೆ ಎರಡು ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ, ನೋಡಲು ಚೆಂದ. ಅದೇ ಮಾದರಿಗೆ "ಅಣೆಕಟ್ಟೆ ಐದು ಮೀಟರ್ ಏರಿದರೆ?" ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಆದ್ದರಿಂದ ಅಳತೆ ಕಟ್ಟೆಗಳ ನಡುವಿನ ಊರುಗಳಲ್ಲಿ ನೀರು ನಿಜಕ್ಕೂ ಎಲ್ಲಿಗೆ ಬಂದಿತ್ತು ಎಂದು ಹುಡುಕಿಕೊಂಡು ಹೋಗಬೇಕು.

ಹಾಗೆ ಹೋದದ್ದು ಅಥಣಿ ಕಡೆಯ ದಂಡೆಯ ಒಂದು ಹಳ್ಳಿಗೆ. ಹಳೆಯ ಮಣ್ಣಿನ ಗೋಡೆಯ ಮನೆ, ಅರ್ಧ ಬಿದ್ದಿತ್ತು. ಉಳಿದ ಗೋಡೆಯ ಮೇಲೆ ಕಪ್ಪು ಬಣ್ಣದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಕಡ್ಡಿ ಹಿಡಿದು ಅಳೆದು ಬರೆದುಕೊಂಡೆ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಮನೆಯ ಅಜ್ಜ ಎದ್ದು ಬಂದರು.

"ಸಾಹೇಬ್ರ, ಅದನ್ಯಾಕ ಬರಕೊಂಡ್ರಿ? ಅದು ಥಂಡಿ ಏರಿದ್ದರಿ. ನೀರ ನಿಂತದ್ದು ಇಲ್ಲಿ."

ತೋರಿಸಿದ್ದು ಸುಮಾರು ಒಂದು ಅಡಿ ಕೆಳಗೆ, ಕಿಟಕಿಯ ಕೆಳಗಿನ ಕಟ್ಟಿನ ಮೇಲೆ. ಅಲ್ಲಿ ರೇವೆ ಮಣ್ಣಿನ ತೆಳು ಪದರ, ಒಂದೆರಡು ಕಬ್ಬಿನ ರವದಿ ಇನ್ನೂ ಅಂಟಿಕೊಂಡಿದ್ದವು. ಮಣ್ಣಿನ ಗೋಡೆ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ; ನೀರು ವಾರಗಟ್ಟಲೆ ನಿಂತರೆ ಒದ್ದೆಯ ಗೆರೆ ನೀರಿನ ಗೆರೆಗಿಂತ ಬಹಳ ಮೇಲೆ ಹೋಗಿ ನಿಲ್ಲುತ್ತದೆ. ಪುಸ್ತಕದಲ್ಲಿ ಓದಿದ್ದೆ. ಗೋಡೆಯ ಮುಂದೆ ನಿಂತಾಗ ಮರೆತಿದ್ದೆ.

"2005ರಾಗ ಎಲ್ಲೀಮಟ ಬಂದಿತ್ರಿ, ಅಜ್ಜಾರ?"

"ಆವಾಗ ಈ ಹೊಸ್ತಿಲ ದಾಟಿರಲಿಲ್ಲರಿ. ಎಮ್ಮಿ ಒಳಗ ಕಟ್ಟಿದ್ವಿ."

ಒಂದು ಅಡಿ ಎಂದರೆ 30 ಸೆಂಟಿಮೀಟರ್. 517ರಲ್ಲಿ ಇಡಬೇಕೋ 519.60ರಲ್ಲಿ ಇಡಬೇಕೋ ಎಂದು ಎರಡು ರಾಜ್ಯಗಳು ಇಷ್ಟು ವರ್ಷ ಜಗಳವಾಡಿದ್ದರ ಪರಿಣಾಮ ನೂರು ಕಿಲೋಮೀಟರ್ ಮೇಲೆ ನನ್ನ ಕೈಲೆಕ್ಕದಲ್ಲಿ 35 ಸೆಂಟಿಮೀಟರ್. ಥಂಡಿಯ ಗೆರೆಗೂ ನೀರಿನ ಗೆರೆಗೂ ಇರುವಷ್ಟೇ ಅಂತರ. ಆ ಅಜ್ಜ ಎದ್ದು ಬರದಿದ್ದರೆ ನನ್ನ ಮಾದರಿ ಆ ಊರಿನಲ್ಲಿ ಒಂದು ಅಡಿ ಹೆಚ್ಚು ನೀರು ತೋರಿಸುತ್ತಿತ್ತು, ನಾನು ಮ್ಯಾನಿಂಗ್ ಸಂಖ್ಯೆ ತಿರುಗಿಸಿ ಅದಕ್ಕೇ ಹೊಂದಿಸುತ್ತಿದ್ದೆ.

ಅಲ್ಲಿಗೆ ಮುಗಿಯುವುದಿಲ್ಲ. ಆ ಗೆರೆಗೆ ಸಮುದ್ರಮಟ್ಟದ ಎತ್ತರ ಕೊಡಬೇಕು. ಜಿಪಿಎಸ್ ಯಂತ್ರ ತೋರುವ ಎತ್ತರವೂ ಅಣೆಕಟ್ಟೆಯವರು ಹೇಳುವ ಎತ್ತರವೂ ಒಂದಲ್ಲ. ನಮ್ಮ ಕಡೆ ಎರಡಕ್ಕೂ ಹತ್ತಾರು ಮೀಟರ್ ವ್ಯತ್ಯಾಸ. ಸರ್ವೆ ಇಲಾಖೆಯ ಹಳೆಯ ಮಟ್ಟದ ಕಲ್ಲು ಹುಡುಕಿ ಅಲ್ಲಿಂದ ಲೆವೆಲ್ ಹೊತ್ತು ತರಬೇಕು. ಕಲ್ಲುಗಳಲ್ಲಿ ಕೆಲವು ರಸ್ತೆ ಅಗಲ ಮಾಡುವಾಗ ಹೋಗಿರುತ್ತವೆ, ಕೆಲವು ಯಾರದೋ ಕೊಟ್ಟಿಗೆಯ ಮೆಟ್ಟಿಲಾಗಿರುತ್ತವೆ. ಒಂದು ಗೋಡೆಗೆ ಎರಡು ದಿನ ಹಿಡಿಯಿತು.

ಮಾಹಿತಿ ಹಂಚಿಕೆ, ಮತ್ತೆ ನೆರೆ

2021ರ ಜೂನಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಯಡಿಯೂರಪ್ಪನವರನ್ನು ಕಂಡರು. ಮಳೆ, ಒಳಹರಿವು, ಹೊರಹರಿವಿನ ಮಾಹಿತಿಯನ್ನು ಆಗಿಂದಾಗ್ಗೆ ಹಂಚಿಕೊಳ್ಳುವ ಮಾತಾಯಿತು. ಮರುತಿಂಗಳೇ ನೆರೆ ಬಂತು. ಸಾಂಗ್ಲಿಯಲ್ಲಿ ನೀರು ಮತ್ತೆ 50 ಅಡಿ ದಾಟಿತು. ಆದರೂ ಆ ಸಲ ದೂರುಗಳ ದನಿ 2019ರಷ್ಟು ಏರಲಿಲ್ಲ. ಇಂಥ ಜಗಳದಲ್ಲಿ ಅಂಕಿ ಹಂಚಿಕೊಳ್ಳುವುದು ನೀರು ಹಂಚಿಕೊಂಡಷ್ಟೇ ಕೆಲಸ ಮಾಡುತ್ತದೆ ಎಂದು ನನ್ನ ಅನಿಸಿಕೆ.

ಬೆಳಗಾವಿಯ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ದಿನವೂ ಬರುವ ಒಂದು ಸಾಲಿದೆ: ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗೆಯಿಂದ ಇಷ್ಟು, ಒಟ್ಟು ಕಲ್ಲೋಳ ಬಳಿ ಇಷ್ಟು ಕ್ಯೂಸೆಕ್. ದಂಡೆಯವರು ಇದನ್ನು ಪಂಚಾಂಗದ ಹಾಗೆ ಓದುತ್ತಾರೆ. ಆದರೆ ಕ್ಯೂಸೆಕ್ಕಿನಲ್ಲಿ ಯಾರ ಎಮ್ಮೆಯೂ ಮುಳುಗುವುದಿಲ್ಲ. ಕಲ್ಲೋಳದಲ್ಲಿ 2 ಲಕ್ಷವಾದರೆ ತಮ್ಮ ಊರ ಹನುಮಪ್ಪನ ಗುಡಿಯ ಎಷ್ಟನೇ ಮೆಟ್ಟಿಲಿಗೆ, ಎಷ್ಟು ತಾಸಿಗೆ ಬರುತ್ತದೆ ಎಂಬುದನ್ನು ಅವರವರ ಅನುಭವದಿಂದ ಕಟ್ಟಿಕೊಂಡಿದ್ದಾರೆ. 2019 ಆ ಲೆಕ್ಕವನ್ನು ಕೆಡಿಸಿತು, ಯಾಕೆಂದರೆ ಅವರು ಕಂಡ ನೆರೆಗಳಲ್ಲಿ ಅಷ್ಟು ನೀರು ಇರಲಿಲ್ಲ. ಕಾಣದ ನೆರೆಯ ಮೆಟ್ಟಿಲು ಯಾವುದೆಂದು ಹೇಳುವುದಷ್ಟೇ ಮಾದರಿಯಿಂದ ಅವರಿಗೆ ಆಗಬೇಕಾದ ಕೆಲಸ. ನಾವು ಕೊಡುತ್ತಿರುವುದು ಬಣ್ಣದ ನಕ್ಷೆ.

ಇನ್ನು 524.256 ಮೀಟರಿನ ಮಾತು. ಕೃಷ್ಣಾ ನೀರಿನ ಹಂಚಿಕೆಯ ಜಗಳ ತೀರಿಸುವ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ ಆಲಮಟ್ಟಿಯನ್ನು ಈ ಮಟ್ಟಕ್ಕೆ ಏರಿಸಲು ಒಪ್ಪಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ ತಡೆಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಎಂದು ದರ ನಿಗದಿ ಮಾಡಿತು. ಅದೇ ಕೈಲೆಕ್ಕವನ್ನು ಇದಕ್ಕೂ ಹಚ್ಚಿದರೆ, 4.66 ಮೀಟರ್ ಏರಿಕೆ 50 ಕಿಲೋಮೀಟರಿಗೆ 1.7 ಮೀಟರ್, 100ಕ್ಕೆ 63 ಸೆಂಟಿಮೀಟರ್, 150ಕ್ಕೆ 23, ಸಾಂಗ್ಲಿಯ ಹತ್ತಿರ ಎಂಟು ಒಂಬತ್ತು. ಸಾಂಗ್ಲಿ ಇಲ್ಲೂ ಹೊರಗೆ. ಆದರೆ ಮುಳುಗಡೆಯ ಗೆರೆಯನ್ನು ಸಮತಟ್ಟಾಗಿ ಎಳೆದರೆ ಅದರಿಂದ ಒಂದು ಮೀಟರ್ ಮೇಲಿರುವ ಹೊಲ ಕಾಗದದಲ್ಲಿ ಒಣಗಿರುತ್ತದೆ, ನೆರೆಯಲ್ಲಿ ಒದ್ದೆಯಾಗುತ್ತದೆ. ನೀರು ಇಳಿಜಾರಾಗಿ ನಿಲ್ಲುವಾಗ ಗೆರೆಯೂ ಇಳಿಜಾರಾಗಿಯೇ ಇರಬೇಕು. ಅದು ಎಷ್ಟು ಇಳಿಜಾರು ಎಂದು ಹೇಳಲು ಆ ಅಡ್ಡಕೊಯ್ತಗಳು ಬೇಕು, ಆ ಗೋಡೆಗಳು ಬೇಕು. ಹಳೆಯ ಗೋಡೆಗಳು ವರ್ಷಕ್ಕಿಷ್ಟು ಬೀಳುತ್ತಿವೆ.

ಅಜ್ಜನ ಮನೆಯ ಹಿಂದೆ ಹೊಸ ಮನೆಯ ಪಾಯ ಎದ್ದಿತ್ತು, ಎದೆಯೆತ್ತರ. ಹೊರಡುವ ಮುಂಚೆ ಅದಕ್ಕೂ ಕಡ್ಡಿ ಹಿಡಿದು ನೋಡಿದೆ. ಕಿಟಕಿಯ ಕೆಳಗಿನ ಕಟ್ಟಿನ ಮೇಲಿದ್ದ ರೇವೆಯ ಗೆರೆಗಿಂತ ಸರಿಯಾಗಿ ಒಂದು ಮೊಳ ಮೇಲೆ. ಗೆರೆಯವರೆಗೆ ಏರಿಸಿದ್ದು ಸರಿ, ಈ ಒಂದು ಮೊಳ ಯಾಕೆ ಎಂದು ಕೇಳಿದೆ.

"ಆಲಮಟ್ಟಿ ಏರಸ್ತಾರಂತಲ್ಲರಿ," ಅಂದರು. "ಅದಕ್ಕ."